ಕೇರ್ ಆಫ್ 56 ಎಪಿಒ: ಯೋಧನ ಹಳೆಯ ಕಾಗದಗಳನ್ನು ಓದುವ ಬಗೆ

ಮುಂಬಯಿ, ಪುಣೆಗಳ ಕನ್ನಡ ಮನೆಗಳಲ್ಲಿ ಇಂಥ ಕಾಗದದ ಕಟ್ಟುಗಳು ಹೊರಬೀಳುವುದು ಹೆಚ್ಚಾಗಿ ಕಟ್ಟಡ ರಿಡೆವಲಪ್‌ಮೆಂಟ್‌ಗೆ ಹೋಗುವಾಗ. ಅಟ್ಟ ಖಾಲಿಯಾಗುತ್ತದೆ, ಟ್ರಂಕು ತೆರೆಯುತ್ತದೆ, ಅಡಿಯಲ್ಲಿ ಸೆಣಬಿನ ದಾರ ಸುತ್ತಿದ ಇನ್‌ಲ್ಯಾಂಡ್ ಪತ್ರಗಳು. 1965ರಲ್ಲೋ 1971ರಲ್ಲೋ ಗಡಿಯಲ್ಲಿದ್ದ ದೊಡ್ಡಪ್ಪನೋ ಸೋದರಮಾವನೋ ಬರೆದವು. ಆಸೆಯಿಂದ ಬಿಡಿಸಿ ಓದಿದವರಿಗೆ ಮೊದಲು ಸಿಗುವುದು ನಿರಾಸೆ. ನಾನು ಕ್ಷೇಮ, ಇಲ್ಲಿ ಚಳಿ ಜಾಸ್ತಿ, ತಂಗಿಯ ಪರೀಕ್ಷೆ ಏನಾಯಿತು, ಹಣ ಮುಟ್ಟಿದ್ದಕ್ಕೆ ಬರೆಯಿರಿ. ಇಷ್ಟೇ. ಯುದ್ಧದ ಮಾತೇ ಇಲ್ಲ.

ಊರಿನ ಹೆಸರು, ದಂಡಿನ ಓಡಾಟ, ಆಯುಧ, ಸಾವುನೋವು ಇವನ್ನು ಬರೆಯುವಂತಿರಲಿಲ್ಲ. ಆದರೆ ಒಳಗೆ ಬರೆಯಲಾಗದ್ದರಲ್ಲಿ ಬಹಳಷ್ಟು ಕಾಗದದ ಹೊರಮೈಯಲ್ಲಿ ಉಳಿದುಕೊಂಡಿರುತ್ತದೆ. ವಿಳಾಸ, ಮುದ್ರೆ, ಅಂಚೆಚೀಟಿಯ ಬೆಲೆ, ಮನೆಗೆ ಮುಟ್ಟಿದ ತಾರೀಕು. ಹಾಗಾಗಿ ಕಾಗದ ಓದುವ ಮೊದಲು ಅದರ ಬೆನ್ನು ಓದಬೇಕು.

ವಿಳಾಸ ಮತ್ತು ಮುದ್ರೆ

ಸೈನಿಕನ ವಿಳಾಸದಲ್ಲಿ ಇರುವುದು ಇಷ್ಟು: ಆರ್ಮಿ ನಂಬರ್, ದರ್ಜೆ, ಹೆಸರು, ಕಂಪನಿ, ಪಲ್ಟನ್, ಕೊನೆಗೆ ‘ಕೇರ್ ಆಫ್ 56 ಎಪಿಒ’ (ಆರ್ಮಿ ಪೋಸ್ಟ್ ಆಫೀಸ್) ಅಥವಾ ‘99 ಎಪಿಒ’. ಊರಿಲ್ಲ, ಜಿಲ್ಲೆಯಿಲ್ಲ. 56 ಎಂದರೆ ದಿಲ್ಲಿಯ ಕೇಂದ್ರ ಸೇನಾ ಅಂಚೆ ನೆಲೆ, 99 ಎಂದರೆ ಕೋಲ್ಕತ್ತದ್ದು. ಯಾವ ಪಲ್ಟನ್ ಇವತ್ತು ಎಲ್ಲಿದೆ ಎನ್ನುವ ಪಟ್ಟಿ ಇರುವುದು ಆ ನೆಲೆಯಲ್ಲಿ ಮಾತ್ರ. ಮಾಟುಂಗದ ಪೆಟ್ಟಿಗೆಗೆ ಹಾಕಿದ ಕಾಗದ ಆರ್‌ಎಂಎಸ್ (ರೈಲ್ವೆ ಮೇಲ್ ಸರ್ವಿಸ್) ಡಬ್ಬಿಯಲ್ಲಿ ದಿಲ್ಲಿ ಸೇರುತ್ತದೆ. ಅಲ್ಲಿ ಪಲ್ಟನ್ ಪ್ರಕಾರ ವಿಂಗಡಣೆಯಾಗಿ, ಚೀಲ ಕಟ್ಟಿಸಿಕೊಂಡು, ಮುಂದಿನ ಫೀಲ್ಡ್ ಪೋಸ್ಟ್ ಆಫೀಸಿಗೆ, ಅಂದರೆ ಎಫ್‌ಪಿಒಗೆ ಹೋಗುತ್ತದೆ. ಪಲ್ಟನ್ನಿನ ಪೋಸ್ಟ್ ಆರ್ಡರ್ಲಿ ಅಲ್ಲಿಂದ ಎತ್ತಿಕೊಳ್ಳುತ್ತಾನೆ. ಕಡೆಯ ಹಂತ ರೇಷನ್ ಗಾಡಿಯಲ್ಲಿ, ಗುಡ್ಡವಾದರೆ ಹೇಸರಗತ್ತೆ ಅಥವಾ ಪೋರ್ಟರ್ ಬೆನ್ನ ಮೇಲೆ. ಪಲ್ಟನ್ ರಾತ್ರೋರಾತ್ರಿ ಜಾಗ ಬದಲಿಸಿದರೂ ಮನೆಯವರು ವಿಳಾಸ ಬದಲಿಸಬೇಕಿಲ್ಲ. ಬದಲಾಗುವುದು ದಿಲ್ಲಿಯ ಪಟ್ಟಿಯ ಒಂದು ಸಾಲು. ಗುಟ್ಟೂ ಉಳಿಯಿತು, ಕಾಗದವೂ ಮುಟ್ಟಿತು. ಅಂಚೆ ಇಲಾಖೆಯ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಹುಡುಕುವುದು ಕಷ್ಟ.

ಈ ಕೆಲಸ ಮಾಡುವ ಆರ್ಮಿ ಪೋಸ್ಟಲ್ ಸರ್ವಿಸ್ 1972ರ ಮಾರ್ಚ್ 1ರಂದು ಪ್ರತ್ಯೇಕ ಕೋರ್ ಆಯಿತು. ಅದರ ಕೇಂದ್ರ ನಾಗಪುರದ ಬಳಿಯ ಕಾಮ್ಟೀಯಲ್ಲಿದೆ. ಸಿಬ್ಬಂದಿ ಬಹುಪಾಲು ಅಂಚೆ ಇಲಾಖೆಯಿಂದ ಡೆಪ್ಯುಟೇಶನ್ ಮೇಲೆ ಹೋದವರು. ಹಾಗಾಗಿ ಮುಂಚೂಣಿಯ ಡೇರೆಯಲ್ಲಿ ಮುದ್ರೆ ಒತ್ತುತ್ತಿದ್ದವನು ಅದಕ್ಕೆ ಮೊದಲು ಯಾವುದೋ ಊರಿನ ಕೌಂಟರಿನಲ್ಲಿ ಕುಳಿತವನೇ.

ಎಡವಟ್ಟಾಗುತ್ತಿದ್ದುದು ಎರಡು ಕಡೆ. ಆರ್ಮಿ ನಂಬರ್ ಬಿಟ್ಟು ಬರೀ ಹೆಸರು ಬರೆದರೆ ಒಂದೇ ಪಲ್ಟನ್ನಿನಲ್ಲಿ ಅದೇ ಹೆಸರಿನ ಇನ್ನೊಬ್ಬನ ಕೈಗೆ ಕಾಗದ ಹೋಗುತ್ತಿತ್ತು. ಇನ್ನೊಂದು, ಅತಿ ಕಾಳಜಿಯ ತಪ್ಪು: ಮಗ ರಜೆಯಲ್ಲಿ ಬಂದಾಗ ಹೇಳಿದ ಊರನ್ನು ನೆನಪಿಟ್ಟು ‘56 ಎಪಿಒ, ಜಮ್ಮು’ ಎಂದು ಬರೆಯುವುದು. ಆ ಕಾಗದ ಸಾಮಾನ್ಯ ಟಪಾಲಿನಲ್ಲಿ ಜಮ್ಮುವಿಗೇ ಹೋಗಿ, ಅಲ್ಲಿಂದ ವಾಪಸು ಸೇನಾ ಅಂಚೆಗೆ ಬರಬೇಕು. ದಿನಗಳೂ ಹೋದವು, ಗುಟ್ಟೂ ಹೋಯಿತು. ಕಟ್ಟಿನಲ್ಲಿ ‘ನೀವು ಊರ ಹೆಸರು ಹಾಕಬೇಡಿ’ ಎಂಬ ಸಾಲು ಕಂಡರೆ ಹಿನ್ನೆಲೆ ಇದು.

ನೌಕಾಪಡೆಯದು ಉಲ್ಟಾ. ಹಡಗಿನ ಹೆಸರೇ ವಿಳಾಸ, ಕೆಳಗೆ ‘ಕೇರ್ ಆಫ್ ಫ್ಲೀಟ್ ಮೇಲ್ ಆಫೀಸ್, ಮುಂಬಯಿ 400 001’. ಮಗ ಯಾವ ಹಡಗಿನಲ್ಲಿದ್ದಾನೆಂದು ಮನೆಗೆ ಗೊತ್ತು, ಹಡಗು ಎಲ್ಲಿದೆಯೆಂದು ಗೊತ್ತಿಲ್ಲ. 1971ರ ಡಿಸೆಂಬರ್ 9ರಂದು ದೀವ್ ಸಮೀಪ ಐಎನ್ಎಸ್ ಖುಕ್ರಿ ಮುಳುಗಿ 18 ಅಧಿಕಾರಿಗಳೂ 176 ನಾವಿಕರೂ ತೀರಿಕೊಂಡರು. ಹಡಗಿನ ಹೆಸರು ರೇಡಿಯೋದಲ್ಲಿ ಕೇಳಿದ ಮನೆಗಳಿಗೆ ಬೇರೆ ವಿವರಣೆ ಬೇಕಿರಲಿಲ್ಲ.

ಇನ್ನು ಮುದ್ರೆ. ವೃತ್ತದೊಳಗೆ ಎಫ್‌ಪಿಒ ನಂಬರ್, ತಾರೀಕು. ನಂಬರ್ ಸಿಕ್ಕಿತೆಂದು ಊರು ಸಿಕ್ಕಂತಲ್ಲ, ಇಲ್ಲಿ ಬಹಳ ಜನ ಜಾರುತ್ತಾರೆ. ಎಫ್‌ಪಿಒ ಜಾಗಕ್ಕೆ ಅಂಟಿದ್ದಲ್ಲ, ಬ್ರಿಗೇಡಿಗೋ ಡಿವಿಜನ್ನಿಗೋ ಅಂಟಿದ್ದು. ದಂಡು ಹೋದಲ್ಲಿ ಅದೂ ಹೋಗುತ್ತದೆ. ಒಂದೇ ನಂಬರ್ ಈ ವರ್ಷ ಪಂಜಾಬಿನಲ್ಲಿ, ಮುಂದಿನ ವರ್ಷ ಅಸ್ಸಾಮಿನಲ್ಲಿ ಇರಬಹುದು. ನಂಬರನ್ನು ತಾರೀಕಿನ ಜೊತೆ ಸೇರಿಸಿಯೇ ನೋಡಬೇಕು. ಸೇನಾ ಅಂಚೆ ಸಂಗ್ರಹಿಸುವ ಹವ್ಯಾಸಿಗಳು ಇಂಥ ಪಟ್ಟಿಗಳನ್ನು ಮಾಡಿಟ್ಟಿದ್ದಾರೆ, ಅವರನ್ನು ಕೇಳುವುದು ಸುಲಭದ ದಾರಿ. ಹಿಂಬದಿಯಲ್ಲಿ ಬಟವಾಡೆಯ ಮುದ್ರೆ ಇದ್ದರೆ ಎರಡು ತಾರೀಕುಗಳ ನಡುವಿನ ದಿನ ಎಣಿಸಿ ಬರೆದಿಡಿ. ಅದೇ ಪಲ್ಟನ್ನಿನಿಂದ ಬರುವ ಕಾಗದಕ್ಕೆ ಹಿಡಿಯುವ ದಿನ ಇದ್ದಕ್ಕಿದ್ದಂತೆ ಎರಡರಷ್ಟಾದರೆ ದಂಡು ಸರಿದಿದೆ, ಇಲ್ಲವೇ ದಾರಿ ಕಟ್ಟಿದೆ.

ತಾರೀಕು ಇಲ್ಲದ ಕಾಗದಕ್ಕೆ ತಾರೀಕು

ಮುದ್ರೆ ಅಳಿಸಿಹೋಗಿದ್ದರೆ ಬೇರೆ ಕುರುಹುಗಳಿವೆ. ಚೀಟಿಯ ಮೇಲೆ ‘ನಯೇ ಪೈಸೆ’ ಎಂದಿದ್ದರೆ ಆ ಚೀಟಿ 1957ರ ಏಪ್ರಿಲ್‌ಗೂ 1964ರ ಜೂನ್‌ಗೂ ನಡುವಿನ ಕಾಲದ್ದು. ಮನೆ ವಿಳಾಸ ‘ಮಾಟುಂಗ, ಬಾಂಬೆ-19’ ಎಂದಿದ್ದರೆ ಅದು ಪಿನ್‌ಕೋಡಿಗೆ ಹಿಂದಿನ ರೂಢಿ. ಪಿನ್ ಬಂದದ್ದು 1972ರ ಆಗಸ್ಟ್ 15ರಂದು, ಆಮೇಲೆ ಅದು 400 019. ಆದರೆ ಹಳಬರು ‘ಬಾಂಬೆ-19’ ಎಂದು ವರ್ಷಗಟ್ಟಲೆ ಬರೆದರು, ಆದ್ದರಿಂದ ಇದೊಂದನ್ನೇ ನಂಬಬೇಡಿ. ಪಿನ್ ಇದ್ದರೆ ಮಾತ್ರ ಖಾತ್ರಿ: ಕಾಗದ 1972ರ ಆಗಸ್ಟ್‌ಗಿಂತ ಮುಂಚಿನದಲ್ಲ. ಸೇನೆಯ ಪಿನ್‌ಗಳು 9ರಿಂದ ಶುರುವಾಗುತ್ತವೆ. ಮನೆಯಿಂದ ಹೋದ ಕಾಗದಕ್ಕೆ ಐದು ಪೈಸೆಯ ‘ರೆಫ್ಯೂಜಿ ರಿಲೀಫ್’ ಚೀಟಿ ಹೆಚ್ಚುವರಿಯಾಗಿ ಅಂಟಿದ್ದರೆ 1971ರ ನವೆಂಬರ್ 15ರಿಂದ 1973ರ ಮಾರ್ಚ್ 31ರೊಳಗಿನದು. ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರಿಗಾಗಿ ವಿಧಿಸಿದ ತೆರಿಗೆ ಅದು. ಸೈನಿಕನ ಕಡೆಯಿಂದ ಬಂದ ಫೋರ್ಸಸ್ ಲೆಟರ್ (ಸೈನಿಕರಿಗೆಂದೇ ಕೊಡುವ ಕಾಗದ) ಮೇಲೆ ಚೀಟಿಯೇ ಇರುವುದಿಲ್ಲ, ಉದುರಿಹೋಗಿದೆಯೆಂದು ಹುಡುಕಬೇಡಿ.

ದರ್ಜೆಯೂ ಗಡಿಯಾರವೇ. ಆರ್ಮಿ ನಂಬರ್ ಹಾಗೇ ಇದ್ದು ಸಿಪಾಯಿ, ಲಾನ್ಸ್ ನಾಯಕ್, ನಾಯಕ್, ಹವಾಲ್ದಾರ್ ಎಂದು ಏರುತ್ತ ಹೋಗುತ್ತದೆ, ಕಾಗದಗಳನ್ನು ಆ ಕ್ರಮದಲ್ಲಿ ಜೋಡಿಸಬಹುದು. ‘ಜಮಾದಾರ್’ ಎಂದು ಕಂಡರೆ 1965ಕ್ಕೆ ಮುಂಚಿನದು, ಆ ವರ್ಷ ಅದು ನಾಯಬ್ ಸುಬೇದಾರ್ ಆಯಿತು.

ನಮ್ಮವರ ಕಾಗದಗಳಿಗೆ ಇನ್ನೊಂದು ಅನುಕೂಲವಿದೆ. ಮನೆಯ ಹಿರಿಯರು ತಲೆಬರಹದಲ್ಲಿ ಸಂವತ್ಸರ, ಮಾಸ, ತಿಥಿ ಹಾಕುತ್ತಿದ್ದರು. ಅರವತ್ತು ವರ್ಷಕ್ಕೊಮ್ಮೆ ಮಾತ್ರ ಮರಳುವ ಹೆಸರು, ಹಾಗಾಗಿ ಗೊಂದಲವಿಲ್ಲ. ಯುಗಾದಿಯಿಂದ ಯುಗಾದಿಗೆ ಲೆಕ್ಕ ಹಿಡಿದರೆ 1962-63 ಶುಭಕೃತ್, 1965-66 ವಿಶ್ವಾವಸು, 1971-72 ವಿರೋಧಿಕೃತ್. ‘ವಿಶ್ವಾವಸು ಸಂ॥ ಭಾದ್ರಪದ ಶು॥ 4’ ಎಂದಿದ್ದರೆ ಅದು 1965ರ ಆಗಸ್ಟ್ ಕೊನೆಯ ಗಣೇಶ ಚೌತಿ. ಜಮ್ಮುವಿನ ಛಂಬ್ ಕಡೆಯಿಂದ ಪಾಕಿಸ್ತಾನದ ಟ್ಯಾಂಕುಗಳು ನುಗ್ಗಿದ್ದು ಸೆಪ್ಟೆಂಬರ್ 1ರಂದು. ಅಂದರೆ ಮನೆಯಲ್ಲಿ ಮೋದಕ ಮಾಡಿ, ನೀನಿಲ್ಲವೆಂದು ಬೇಸರವಾಯಿತೆಂದು ಬರೆದ ಕಾಗದ ಅವನ ಕೈಸೇರುವ ಹೊತ್ತಿಗೆ ಅಲ್ಲಿ ಯುದ್ಧ ಶುರುವಾಗಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟಾಗಷ್ಟೇ ಅವನ ಉತ್ತರ ಯಾಕೆ ಎರಡೇ ಸಾಲು ಎಂದು ಅರ್ಥವಾಗುವುದು.

ಒಕ್ಕಣೆಯ ಒಳಗೆ

‘ತೀರ್ಥರೂಪ ತಂದೆಯವರ ಚರಣಾರವಿಂದಗಳಿಗೆ ಶಿ॥ ಸಾ॥ ನಮಸ್ಕಾರಗಳು. ಉಭಯ ಕುಶಲೋಪರಿ ಸಾಂಪ್ರತ.’ ಇದನ್ನು ಬರೀ ಒಕ್ಕಣೆಯೆಂದು ಹಾರಿಸಿ ಓದುವವರು ಅರ್ಧ ಮಾಹಿತಿ ಕಳೆದುಕೊಳ್ಳುತ್ತಾರೆ. ಯಾರನ್ನು ಯಾವ ಬಿರುದಿನಿಂದ ಕರೆದಿದ್ದಾನೆ, ಯಾರ ಹೆಸರು ಪಟ್ಟಿಯಲ್ಲಿ ಸೇರಿತು, ಯಾರದು ಬಿಟ್ಟುಹೋಯಿತು ನೋಡಿ. ಉತ್ತರ ಕರ್ನಾಟಕದಿಂದ ಪುಣೆಗೆ ಬಂದ ಮನೆತನಗಳ ಕಾಗದಗಳಲ್ಲಿ ಅತ್ತಿಗೆಯೋ ತಾಯಿಯೋ ಒಂದು ಕಾಗದದಲ್ಲಿ ‘ಸೌ.’ ಆಗಿದ್ದು ಮುಂದಿನದರಲ್ಲಿ ‘ಗಂ. ಭಾ.’ ಆಗಿರುತ್ತಾರೆ. ಗಂಗಾಭಾಗೀರಥಿ ಎಂದರೆ ವಿಧವೆ. ನಡುವೆ ಮನೆಯಲ್ಲಿ ಒಂದು ಸಾವಾಗಿದೆ, ಅದನ್ನು ಹೇಳಿದ ಕಾಗದ ಕಟ್ಟಿನಲ್ಲಿ ಇಲ್ಲ.

ಮದುವೆಯಾದ ಹುಡುಗ ಹೆಂಡತಿಗೆ ನೇರವಾಗಿ ಬರೆಯುವುದು ಕೂಡುಕುಟುಂಬದಲ್ಲಿ ಸುಲಭವಿರಲಿಲ್ಲ. ಕಾಗದ ತಂದೆಯ ಹೆಸರಿಗೆ ಬರುತ್ತದೆ, ಪಡಸಾಲೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಚಾಳಿನ ಪಕ್ಕದ ಮನೆಯವರೂ ಕೇಳಿಸಿಕೊಳ್ಳುತ್ತಾರೆ. ‘ಮನೆಯಲ್ಲಿ ಎಲ್ಲರನ್ನೂ ಕೇಳಿದೆನೆಂದು ಹೇಳಿರಿ’ ಎಂಬ ಸಾಲಿನ ‘ಎಲ್ಲರೂ’ ಯಾರೆಂದು ಅವಳಿಗೆ ಗೊತ್ತು. ನಮ್ಮ ಕಾಗದಗಳು ತೀರ ಒಣಕಲು ಎಂದು ದೂರುವವರು ಕಾಗದ ಓದುವ ರೀತಿ ನೆನಪಿಟ್ಟುಕೊಳ್ಳಬೇಕು. ಅದನ್ನು ಬರೆದದ್ದು ಎಂಟು ಜನರ ಕಿವಿಗೆ.

ಅಕ್ಷರ ಬಾರದವರಿಗೆ ಬೇರೆಯವರು ಬರೆದುಕೊಡುತ್ತಿದ್ದರು. ಮುಂಬಯಿ ಜಿಪಿಒ ಎದುರು ತಾಡಪತ್ರಿ ಕೆಳಗೆ ಕೂತು ಕಾಗದ ಬರೆದುಕೊಡುತ್ತಿದ್ದವರು ಹೆಸರುವಾಸಿ. (ಆ ಜಿಪಿಒ ಗುಮ್ಮಟ ನಮ್ಮ ವಿಜಯಪುರದ ಗೋಲಗುಮ್ಮಟದ ಮಾದರಿಯದು, 1913ರಲ್ಲಿ ಮುಗಿದದ್ದು.) ಪಲ್ಟನ್ನಿನಲ್ಲೂ ಓದುಬಲ್ಲ ಸಂಗಾತಿಯೇ ಬರಹಗಾರ. ಒಂದೇ ಕಟ್ಟಿನಲ್ಲಿ ಕೈಬರಹ ಬದಲಾದರೆ ಗಾಬರಿ ಬೇಡ, ಬರೆದುಕೊಡುವವನು ಬದಲಾಗಿದ್ದಾನೆ ಅಷ್ಟೇ. ಹಳೆಯ ಮುಂಬಯಿ ಪ್ರಾಂತದ ಮನೆಗಳಲ್ಲಿ ಕೆಲವು ಕಾಗದ ಮರಾಠಿಯ ಹಳೆಯ ಕೈಬರಹವಾದ ಮೋಡಿ ಲಿಪಿಯಲ್ಲಿರಬಹುದು. ಕೈ ಎತ್ತದೆ ಒಂದೇ ಎಳೆಯಲ್ಲಿ ಹರಿಯುವ ಅಕ್ಷರ ಕಂಡರೆ ಅದು. ಪುಣೆಯ ಭಾರತ ಇತಿಹಾಸ ಸಂಶೋಧಕ ಮಂಡಳದಲ್ಲಿ ಅದನ್ನು ಓದಬಲ್ಲವರಿದ್ದಾರೆ.

ತೆರೆದು ಓದಿದವರು

ಯುದ್ಧಕಾಲದ ಕಾಗದಕ್ಕೆ ಮೂರನೆಯ ಓದುಗನೊಬ್ಬ ಇರುತ್ತಾನೆ, ಸೆನ್ಸಾರ್. ಸಾರ್ವಜನಿಕ ತುರ್ತಿನಲ್ಲಿ ಟಪಾಲು ತಡೆದು ನೋಡುವ ಅಧಿಕಾರವನ್ನು 1898ರ ಅಂಚೆ ಕಾಯ್ದೆಯ 26ನೇ ಕಲಮು ಸರ್ಕಾರಕ್ಕೆ ಕೊಟ್ಟಿತ್ತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಬೂಲೋನ್ಯದಲ್ಲಿ ಭಾರತೀಯ ಸಿಪಾಯಿಗಳ ಕಾಗದಗಳಿಗೆಂದೇ ಕಚೇರಿ ಇತ್ತು. ಅಲ್ಲಿ ಇಂಗ್ಲಿಷಿಗೆ ಅನುವಾದಿಸಿ ತೆಗೆದಿಟ್ಟ ಆಯ್ದ ಭಾಗಗಳು ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ಮೂಲ ಕಾಗದಗಳು ಬಹುತೇಕ ಉಳಿದಿಲ್ಲ. ಸಿಪಾಯಿಗಳೂ ಕಡಿಮೆಯವರಲ್ಲ. ಕರಿಮೆಣಸು ಖರ್ಚಾಗಿಹೋಯಿತು, ಈಗ ಕೆಂಪು ಮೆಣಸಿನಕಾಯಿ ಬರುತ್ತಿದೆ ಎಂದು ಬರೆದರೆ ಕರಿಮೆಣಸೆಂದರೆ ಹಿಂದುಸ್ತಾನದವರು, ಕೆಂಪೆಂದರೆ ಗೋರರು. ಸೆನ್ಸಾರಿಗೂ ಇದು ತಿಳಿಯುತ್ತಿತ್ತೆನ್ನಿ, ಅವರ ವರದಿಯಲ್ಲೇ ಅದು ದಾಖಲಾಗಿದೆ.

ಎರಡನೇ ಮಹಾಯುದ್ಧದ ಲಕೋಟೆಯಾದರೆ ಮೇಲೆ ‘ಆನ್ ಆಕ್ಟಿವ್ ಸರ್ವಿಸ್’ ಎಂದು ಕೈಬರಹವೂ, ಸೆನ್ಸಾರ್ ಮುದ್ರೆಯೂ, ಕತ್ತರಿಸಿದ ಅಂಚಿಗೆ ‘ಓಪನ್ಡ್ ಬೈ ಎಗ್ಸಾಮಿನರ್’ ಪಟ್ಟಿಯೂ ಸಿಗಬಹುದು. ಆ ಪಟ್ಟಿ ಕಿತ್ತು ಒಳಗೇನಿದೆ ನೋಡುವ ಚಪಲ ಬೇಡ, ಪಟ್ಟಿಯೇ ದಾಖಲೆ. ಕಾಗದದಲ್ಲಿ ಚೌಕಾಕಾರದ ತೂತಿದ್ದರೆ ಅದು ಜಿರಲೆಯ ಕೆಲಸವಲ್ಲ, ಕತ್ತರಿಯದು. ಅಂಚು ನೇರವಾಗಿದೆಯೇ ನೋಡಿದರೆ ತಿಳಿಯುತ್ತದೆ.

ಕಟ್ಟಿನಲ್ಲಿ ಇಲ್ಲದ ಅರ್ಧ

ಮನೆಯಲ್ಲಿ ಉಳಿದಿರುವುದು ಸಾಮಾನ್ಯವಾಗಿ ಒಂದೇ ಕಡೆಯದು. ಮನೆಯಿಂದ ಹೋದ ಕಾಗದಗಳು ಸೈನಿಕನ ಬಳಿ ಉಳಿಯುವುದು ಅಪರೂಪ. ಮುಂಚೂಣಿಗೆ ಹೋಗುವ ಮೊದಲು ಮನೆಯ ವಿಳಾಸ, ಪಲ್ಟನ್ ಹೆಸರು ಇರುವ ಕಾಗದವನ್ನು ಜೇಬಿನಲ್ಲಿ ಇಟ್ಟುಕೊಳ್ಳಬಾರದು, ಸಿಕ್ಕಿಬಿದ್ದರೆ ಶತ್ರುವಿಗೆ ಅದೇ ಸುಳಿವು. ಸುಟ್ಟವು ಹಲವು, ಬಂಕರಿನಲ್ಲಿ ನೆನೆದು ಹೋದವು ಹಲವು. ಹಾಗಾಗಿ ತಾಯಿ ಏನು ಬರೆದಳೆಂದು ಮಗನ ಉತ್ತರದಿಂದಲೇ ಊಹಿಸಬೇಕು. ಮಾಡುವ ವಿಧಾನ ಹೀಗೆ: ಉದ್ದ ಹಾಳೆಯಲ್ಲಿ ಎರಡು ಕಾಲಂ ಎಳೆಯಿರಿ. ಎಡಕ್ಕೆ ಅವನ ಪ್ರತಿ ಕಾಗದದ ತಾರೀಕು, ಬಲಕ್ಕೆ ಅದು ಯಾವ ಕಾಗದಕ್ಕೆ ಉತ್ತರವೋ ಅದರ ಊಹೆ. ‘ಚಕ್ಕುಲಿ ಮುಟ್ಟಿತು, ಪುಡಿಯಾಗಿತ್ತು, ಎಲ್ಲರೂ ಚಮಚದಲ್ಲಿ ತಿಂದೆವು’ ಎಂಬ ಒಂದು ಸಾಲು ಹಿಡಿಯಿರಿ. ಬಟ್ಟೆ ಹೊಲಿದು ಅರಗು ಒತ್ತಿದ ಪಾರ್ಸೆಲ್ ಕಾಗದಕ್ಕಿಂತ ನಿಧಾನ. ಚಕ್ಕುಲಿ ದೀಪಾವಳಿಯದಾದರೆ ಹೊರಟದ್ದು ಅಕ್ಟೋಬರ್–ನವೆಂಬರ್, ಮುಟ್ಟಿತೆಂದು ಬರೆದ ತಾರೀಕು ಅವನ ಕಾಗದದ ಮೇಲೇ ಇದೆ. ಪಾರ್ಸೆಲ್ ದಾರಿ ಎಷ್ಟು ದಿನದ್ದೆಂದು ಗೊತ್ತಾಯಿತು, ಜೊತೆಗೆ ಹೋದ ಕಾಗದದ ಕಾಲವೂ ಸಿಕ್ಕಿತು.

ಕಾಗದಗಳು ಎದುರುಬದುರು ದಾಟುತ್ತಿದ್ದವು. ಕೇಳಿದ ಪ್ರಶ್ನೆಗೆ ಉತ್ತರ ಬರುವಷ್ಟರಲ್ಲಿ ಮೂರು ಕಾಗದ ಹೋಗಿರುತ್ತಿತ್ತು. ಚುರುಕಿನ ಮನೆಗಳಲ್ಲಿ ಮೂಲೆಯಲ್ಲಿ ನಂಬರ್ ಹಾಕುತ್ತಿದ್ದರು, ‘ಪತ್ರ ನಂ. 14’ ಎಂದು. ಅಂಥ ಕಟ್ಟು ಸಿಕ್ಕಿದ್ದರೆ ನಿಮ್ಮ ಅದೃಷ್ಟ, ಕಳೆದುಹೋದವು ಯಾವುವೆಂದೂ ತಿಳಿಯುತ್ತದೆ.

ಮನಿ ಆರ್ಡರ್ ಚೂರುಗಳನ್ನು ರದ್ದಿಗೆ ಹಾಕಬೇಡಿ. ಫಾರ್ಮಿನ ಕೆಳತುದಿಯ ಕೂಪನ್ನಿನಲ್ಲಿ ಎರಡು ಸಾಲು ಬರೆಯಲು ಜಾಗವಿತ್ತು, ಅದು ಹಣ ಪಡೆದವರ ಬಳಿ ಉಳಿಯುತ್ತಿತ್ತು. ಸಹಿ ಮಾಡಿದ ರಸೀದಿ ಮಾತ್ರ ಹಣ ಕಳಿಸಿದವನಿಗೆ ವಾಪಸಾಗುತ್ತಿತ್ತು. ಓದುಬರಹ ಬಾರದ ತಾಯಿಯ ಕೈಯಿಂದ ಗಡಿಯಲ್ಲಿದ್ದ ಮಗನಿಗೆ ಹೋಗುತ್ತಿದ್ದ ಏಕೈಕ ಬರಹ ಆ ರಸೀದಿಯ ಮೇಲಿನ ಹೆಬ್ಬೆಟ್ಟು.

ಇನ್ನೊಂದು ಬಗೆಯ ಕಾಗದವಿದೆ, ಅದನ್ನು ಗುರುತಿಸಲು ತಾರೀಕು ಹೋಲಿಸಲೇಬೇಕು. ತಂತಿ ಕಾಗದಕ್ಕಿಂತ ವೇಗವಾದ್ದರಿಂದ ಸಾವಿನ ಸುದ್ದಿ ಮೊದಲು ಬರುತ್ತಿತ್ತು, ಅದಕ್ಕೆ ಮುಂಚೆ ಬರೆದ ಕ್ಷೇಮದ ಕಾಗದ ಆಮೇಲೆ. ಕಟ್ಟಿನಲ್ಲಿ ಒಡೆಯದ ಇನ್‌ಲ್ಯಾಂಡ್ ಇದ್ದರೆ ತಕ್ಷಣ ತೆರೆಯಬೇಡಿ. ಮೊದಲು ಎರಡೂ ಕಡೆ ಫೋಟೋ ತೆಗೆದು, ತೆರೆಯಬೇಕೋ ಬೇಡವೋ ಮನೆಯವರೆಲ್ಲ ಕೂತು ನಿರ್ಧರಿಸಿ.

ಮುಂಬಯಿ ಹವೆಯಲ್ಲಿ ಉಳಿಸುವುದು

2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು ನೆಲಮಹಡಿಯ ಮನೆಗಳ ಕಾಗದಪತ್ರ ಎಷ್ಟು ಹೋದವೋ ಲೆಕ್ಕವಿಲ್ಲ. ಆದರೆ ನೆರೆಗಿಂತ ದೊಡ್ಡ ಶತ್ರು ಪ್ರತಿವರ್ಷದ ತೇವ. ಗಾಳಿಯ ತೇವಾಂಶ 65 ಶೇಕಡಾ ದಾಟಿ ನಿಂತರೆ ಬೂಷ್ಟು ಹಿಡಿಯುತ್ತದೆ, ಮಳೆಗಾಲದ ಮುಂಬಯಿ 80ರ ಮೇಲೇ ಇರುತ್ತದೆ. ಇನ್‌ಲ್ಯಾಂಡಿನ ಅಂಚಿನ ಗೋಂದು ತೇವ ಕುಡಿದು ಮತ್ತೆ ಅಂಟಿಕೊಳ್ಳುತ್ತದೆ. ಎಳೆದರೆ ಅಂಚಿನಲ್ಲಿ ಅಡ್ಡಡ್ಡ ಬರೆದ ಸಾಲುಗಳೇ ಕಿತ್ತು ಬರುತ್ತವೆ, ಜಾಗ ಸಾಲದೆ ಕೊನೆಗೆ ಬರೆದ ಮುಖ್ಯ ಮಾತು ಅಲ್ಲೇ ಇರುತ್ತದೆ. ಆದ್ದರಿಂದ ಕಟ್ಟು ಬಿಚ್ಚುವ ಕೆಲಸ ನವೆಂಬರ್‌ನಿಂದ ಫೆಬ್ರವರಿಯೊಳಗೆ ಇಟ್ಟುಕೊಳ್ಳಿ. ಅಂಟಿದ್ದನ್ನು ಬೆಣ್ಣೆ ಚಾಕುವಿನ ಮೊಂಡು ತುದಿಯಿಂದ ಮೆಲ್ಲಗೆ ಬಿಡಿಸಿ, ಬಾರದಿದ್ದರೆ ಬಿಟ್ಟುಬಿಡಿ. ಕೆಟಲಿನ ಹಬೆ ಹಿಡಿಯಬೇಡಿ: ಫೌಂಟನ್ ಪೆನ್ನಿನ ನೀಲಿ ಶಾಯಿ ನೀರಿಗೆ ಹರಡುತ್ತದೆ, ಕಾಪಿಂಗ್ ಪೆನ್ಸಿಲಿನ ಬೂದು ಅಕ್ಷರ ನೇರಳೆಯಾಗಿ ಕಲಸಿಹೋಗುತ್ತದೆ. ಎತ್ತರದ ಗಡಿಯಿಂದ ಬಂದವು ಪೆನ್ಸಿಲಿನಲ್ಲಿದ್ದರೆ ಆಶ್ಚರ್ಯವಿಲ್ಲ, ಆ ಚಳಿಯಲ್ಲಿ ಬಾಲ್‌ಪೆನ್ ಶಾಯಿ ಗಟ್ಟಿಯಾಗುತ್ತದೆ, ಫೌಂಟನ್ ಪೆನ್ ಒತ್ತಡ ಕಡಿಮೆಯಾಗಿ ಸೋರುತ್ತದೆ.

ಗುಂಡುಸೂಜಿ, ಸ್ಟೇಪಲ್ ಮೊದಲು ತೆಗೆಯಿರಿ, ಕಡಲ ಗಾಳಿಗೆ ತುಕ್ಕು ಹಿಡಿದು ಕಾಗದ ತಿನ್ನುತ್ತವೆ. ಸೆಲೋಟೇಪ್ ಬೇಡ, ಲ್ಯಾಮಿನೇಶನ್ ಅಂತೂ ಬೇಡವೇ ಬೇಡ. ಬಿಸಿಗೆ ಪ್ಲಾಸ್ಟಿಕ್ ಕಾಗದದೊಳಗೆ ಇಳಿದರೆ ಮತ್ತೆ ಬಿಡಿಸಲಾಗದು. ಮಡಿಕೆಯಲ್ಲಿ ಹರಿದಿದ್ದರೆ ತೆಳು ಜಪಾನಿ ಟಿಶ್ಯೂ, ಗೋಧಿ ಗಂಜಿಯ ಅಂಟು ಸಾಕು. ಬೈಂಡರುಗಳು ಬಳಸುವ ಮೈಲುತುತ್ತದ ಅಂಟು ಕಾಗದಕ್ಕೆ ಆಗದು. ಹುಳ ಕಂಡರೆ ಗಾಳಿಯಾಡದ ಚೀಲದಲ್ಲಿ ಕಟ್ಟಿ ಮನೆಯ ಫ್ರೀಜರಿನಲ್ಲಿ, ಮೈನಸ್ 18 ಡಿಗ್ರಿಯಲ್ಲಿ, ಎರಡು ವಾರ ಇಡಿ. ಹೊರತೆಗೆದ ಮೇಲೆ ಚೀಲ ಒಂದು ದಿನ ಮುಚ್ಚಿಯೇ ಇರಲಿ, ಇಲ್ಲದಿದ್ದರೆ ತಣ್ಣನೆಯ ಕಾಗದದ ಮೇಲೆ ನೀರು ಕೂರುತ್ತದೆ. ನೆನೆದ ಕಾಗದಕ್ಕೆ 48 ಗಂಟೆಯೇ ಗಡುವು, ಅಷ್ಟರೊಳಗೆ ಫ್ಯಾನಿನ ಕೆಳಗೆ ಹರಡಿ ಒಣಗಿಸಬೇಕು. ಬಿಸಿಲಿಗೆ ಹಾಕಿದರೆ ಶಾಯಿ ಹಾರುತ್ತದೆ. ಇಡುವಾಗ ಬಿಡಿಸಿ ಚಪ್ಪಟೆಯಾಗಿ, ಆಸಿಡ್ ಇಲ್ಲದ ಕಾಗದದ ಲಕೋಟೆಯಲ್ಲಿ ಅಥವಾ ಪಾಲಿಯೆಸ್ಟರ್ ಚೀಲದಲ್ಲಿ. ಪಿವಿಸಿ ಫೋಲ್ಡರ್ ಅಕ್ಷರ ಎಳೆದುಕೊಳ್ಳುತ್ತದೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಟ್ಟರೆ ಬಣ್ಣ ಬದಲಾದಾಗ ಬಿಸಿಮಾಡಿ ಒಣಗಿಸಬೇಕು, ಇಟ್ಟು ಮರೆತರೆ ಪ್ರಯೋಜನವಿಲ್ಲ.

ಸ್ಕ್ಯಾನ್ 600 ಡಿಪಿಐ, ಬಣ್ಣದಲ್ಲಿ, ಎರಡೂ ಬದಿ, ಖಾಲಿ ಬದಿಯೂ ಸೇರಿ. ಇನ್‌ಲ್ಯಾಂಡ್ ತೆಳುವಾದ್ದರಿಂದ ಹಿಂದೆ ಕಪ್ಪು ಹಾಳೆ ಇಟ್ಟರೆ ಆಚೆ ಬದಿಯ ಅಕ್ಷರ ಮೂಡುವುದಿಲ್ಲ. ನೀಲಿ ಶಾಯಿ ಮಾಸಿದ್ದರೆ ಫೋಟೋ ಸಾಫ್ಟ್‌ವೇರಿನಲ್ಲಿ ಕೆಂಪು ಚಾನೆಲ್ ಮಾತ್ರ ನೋಡಿ, ನೀಲಿ ಅಕ್ಷರ ಕಪ್ಪಾಗಿ ಏಳುತ್ತದೆ, ಕಂದು ಕಲೆಗಳು ಮಸಕಾಗುತ್ತವೆ. ಒತ್ತಿ ಬರೆದ ಪೆನ್ಸಿಲಿಗೆ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ.

ಸೇವಾ ವಿವರ ಬೇಕಾದವರು ಆ ರೆಜಿಮೆಂಟಿನ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು: ಮರಾಠಾ ಲೈಟ್ ಇನ್ಫೆಂಟ್ರಿಗೆ ಬೆಳಗಾವಿ, ಬಾಂಬೆ ಸ್ಯಾಪರ್ಸ್‌ಗೆ ಪುಣೆಯ ಖಡಕಿ. ಅರ್ಜಿಯಲ್ಲಿ ಆರ್ಮಿ ನಂಬರ್, ದರ್ಜೆ, ಹೆಸರು, ಪಲ್ಟನ್, ನಿಮ್ಮ ಸಂಬಂಧ ಇರಲಿ. ನಂಬರ್ ಇಲ್ಲದಿದ್ದರೆ ಹುಡುಕಾಟ ಮುಂದೆ ಸಾಗುವುದು ಕಷ್ಟ, ಅದು ಸಿಗುವುದು ಕಾಗದದ ಬೆನ್ನ ಮೇಲೆಯೇ. ಮಹಾಯುದ್ಧಗಳಲ್ಲಿ ತೀರಿದವರಾದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಪಟ್ಟಿ ಉಚಿತವಾಗಿ ನೋಡಬಹುದು, ಹೆಸರಿನ ಇಂಗ್ಲಿಷ್ ಕಾಗುಣಿತವನ್ನು ನಾಲ್ಕಾರು ಬಗೆಯಲ್ಲಿ ಬರೆದು ಹುಡುಕಿ. ಸ್ಕ್ಯಾನ್‌ಗಳನ್ನು ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು, ಆ ಯೋಧನೋ ಅವನ ಹೆಂಡತಿಯೋ ಇನ್ನೂ ಇದ್ದರೆ, ಆರ್ಮಿ ನಂಬರ್ ಮತ್ತು ಪಿಂಚಣಿ ವಿವರ ಇರುವ ಮೂಲೆ ಮುಚ್ಚಿ ಕಳಿಸಿ.